ಮುಟ್ಟಬಾರದ ತೋಟ

ಆ ಸುತ್ತೋಲೆ ನಮ್ಮ ಶಾಲೆಗೆ ಬಂದದ್ದು ಮಾರ್ಚ್ ತಿಂಗಳ ಮೊದಲ ಭಾನುವಾರ, ಶುಕ್ರವಾರದ ರಜೆ ಮುಗಿದು ವಾರದ ಮೊದಲ ಗಂಟೆ ಹೊಡೆಯುವ ಹೊತ್ತಿಗೆ. ಮುಖ್ಯೋಪಾಧ್ಯಾಯ ವಗ್ದಿಯವರು ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, ಮೂರನೆಯ ಸಲ ಓದುವುದಕ್ಕೆ ನನ್ನನ್ನು ಕರೆಸಿದರು. ನಾನು ಫಿಕ್ರಿ, ಆ ಶಾಲೆಯ ಅರಬ್ಬಿ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಹದಿನಾಲ್ಕು ವರ್ಷದಿಂದ ಶಾಲೆಯ ವರದಿ, ಮನವಿ, ನೋಟಿಸು ಎಲ್ಲವೂ ನನ್ನ ಕೊರಳಿಗೇ ಬಿದ್ದಿದ್ದವು.

"ಜೋರಾಗಿ ಓದಿ ಉಸ್ತಾದ್. ಇದ್ರಲ್ಲಿ ನನಗೇನಾದ್ರೂ ಅಪಾಯ ಇದೆಯಾ ನೋಡಿ" ಎಂದರು.

ಓದಿದೆ. ಯೋಜನೆಯ ಹೆಸರು ‘ಹಸಿರು ಕೈ, ಆರೋಗ್ಯದ ತಟ್ಟೆ’. ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲೂ ನಾಲ್ಕನೆಯ ತರಗತಿಯ ಮಕ್ಕಳು ತಮ್ಮ ಕೈಯಾರೆ ತರಕಾರಿ ಬೆಳೆಯಬೇಕು, ತಾವೇ ಅಡುಗೆ ಮಾಡಿ ಉಣ್ಣಬೇಕು. ಎಪ್ರಿಲ್ ಕೊನೆಯಲ್ಲಿ ಇಲಾಖೆಯಿಂದ ನಿಯೋಗ ಬಂದು ನೋಡುತ್ತದೆ. ಅದರ ಕೆಳಗೆ ಸೂಚನೆಗಳು. ಶಾಲೆಯ ನೆಲವನ್ನು ಅಗೆಯುವಂತಿಲ್ಲ, ಅದು ಕಟ್ಟಡ ವಿಭಾಗದ ಸ್ವತ್ತು. ಮಕ್ಕಳ ಕೈಗೆ ಹರಿತವಾದದ್ದನ್ನು ಕೊಡುವಂತಿಲ್ಲ. ಬೆಂಕಿ ಹೊತ್ತಿಸುವಂತಿಲ್ಲ. ಸಮವಸ್ತ್ರ ಕೊಳೆಯಾಗುವಂತಿಲ್ಲ.

"ಹಾಗಾದ್ರೆ ಇನ್ನೇನು ಮಾಡಬಹುದಂತೆ?"

"ತೋಟ ಮಾಡಬಹುದು, ಅಡುಗೆ ಮಾಡಬಹುದು ಸಾಹೇಬರೇ."

ವಗ್ದಿಯವರು ಕೆಟ್ಟವರಲ್ಲ. ಹೆದರಿದವರು ಅಷ್ಟೆ. ಹಿಂದಿನ ಊರಿನಲ್ಲಿ ಧ್ವಜದ ಹಗ್ಗ ಸಿಕ್ಕಿಹಾಕಿಕೊಂಡದ್ದಕ್ಕೆ ಅವರನ್ನು ಇಲ್ಲಿಗೆ ವರ್ಗ ಮಾಡಿದ್ದರು. ಅಂದಿನಿಂದ ಅವರಿಗೆ ಯಾವ ಕಾಗದ ಬಂದರೂ ಅದರಲ್ಲಿ ಒಂದು ಹಗ್ಗ ಕಾಣುತ್ತಿತ್ತು.

ತಮಾಷೆಯೆಂದರೆ, ನಮ್ಮ ಶಾಲೆಯ ಗೋಡೆಯಾಚೆ ಕಾಲುವೆ, ಕಾಲುವೆಯಾಚೆ ಕಣ್ಣು ಹಾಯುವಷ್ಟು ದೂರ ಹೊಲ. ನೈಲ್ ತಂದು ಹಾಕಿದ ಮಣ್ಣು, ಊರುಗೋಲು ಚುಚ್ಚಿಟ್ಟರೂ ಚಿಗುರೀತು. ನಾಲ್ಕನೆಯ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಮೂವತ್ತು ಮಂದಿ ಬೆಳಗ್ಗೆ ಎಮ್ಮೆಗೆ ಮೇವು ಹಾಕಿಯೇ ಶಾಲೆಗೆ ಬರುತ್ತಿದ್ದರು. ಇವರಿಗೆ ಬೇಸಾಯ ಕಲಿಸಲು ಏಳು ಜನರ ಸಮಿತಿಯೊಂದು ರಚನೆಯಾಯಿತು. ಏಳರಲ್ಲಿ ಗುದ್ದಲಿ ಹಿಡಿದವರು ಒಬ್ಬರೂ ಇರಲಿಲ್ಲ, ಇನ್ಸಾಫ್ ಅಬ್ಲಾ ಒಬ್ಬರನ್ನು ಬಿಟ್ಟು.

ಇನ್ಸಾಫ್ ಅಬ್ಲಾ ಗೃಹವಿಜ್ಞಾನದ ಟೀಚರು; ನಮ್ಮಲ್ಲಿ ಮೇಷ್ಟ್ರುಗಳೆಲ್ಲ ಉಸ್ತಾದ್, ಟೀಚರಮ್ಮಂದಿರೆಲ್ಲ ಅಬ್ಲಾ. ದಪ್ಪ ಮೈ, ನೋಯುವ ಮಂಡಿ, ಚೂಪು ನಾಲಿಗೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಮಿತಿಯ ಪಟ್ಟಿಯಲ್ಲಿ ಅವರ ಹೆಸರು ಕೊನೆಗಿತ್ತು, ಕಾರ್ಯದರ್ಶಿಯಾದ ನನ್ನ ಹೆಸರಿಗಿಂತಲೂ ಕೆಳಗೆ.

ಮೊದಲ ಸಭೆಯಲ್ಲಿ ನಾಮಫಲಕದ ಚರ್ಚೆಯಾಯಿತು. ಎರಡನೆಯ ಸಭೆಯಲ್ಲೂ ಅದೇ. ಮೂರನೆಯ ಸಭೆಗೆ ಫಲಕವೇ ಬಂತು: ಕಣ್ಣು, ಬಾಯಿ, ಬೆನ್ನಿಗೆ ಶಾಲೆಚೀಲ ಇರುವ ಕ್ಯಾರೆಟ್ಟು.

"ಚೆನ್ನಾಗಿದೆ. ಬೀಜ ಯಾವಾಗ ಹಾಕೋದು?" ಎಂದು ಅಬ್ಲಾ ಕೇಳಿದರು.

"ಅದು ಐದನೇ ಸಭೆ ವಿಷಯ ಅಬ್ಲಾ" ಎಂದರು ವಗ್ದಿಯವರು.

"ಐದನೇ ಸಭೆ ಹೊತ್ತಿಗೆ ಮಕ್ಕಳ ಮದುವೆ ಆಗಿರುತ್ತೆ."

ನೆಲ ಅಗೆಯುವಂತಿರಲಿಲ್ಲವಾದ್ದರಿಂದ ಸಿಮೆಂಟಿನ ಅಂಗಳದಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಟಬ್ಬುಗಳನ್ನು ಸಾಲಾಗಿ ಇಟ್ಟು ಹಸಿರು ಬಣ್ಣ ಬಳಿಸಿದರು. ಬೀಜ ಹಾಕಿದರೆ ಅದು ಬರುವಾಗ ಬರುತ್ತದೆ, ಬಾರದಿದ್ದರೆ ಯಾರು ಜವಾಬ್ದಾರರು ಎಂದು ಸಸಿಗಳನ್ನೇ ತರಿಸಿದರು. ಹೆಸರಿನ ಚೀಟಿ ಬರೆಯುವ ಕೆಲಸ ನನ್ನದು. ಒಳ್ಳೆಯ ಶಾಯಿಯಲ್ಲಿ, ಬಾಲ ಸುರುಳಿ ಸುತ್ತಿದ ಅಕ್ಷರಗಳಲ್ಲಿ ಬರೆದು ಒಂದೊಂದು ಟಬ್ಬಿಗೂ ಚುಚ್ಚಿದೆ. ರಿತಾಜ್ ಎಂಬ ಹುಡುಗಿ, ಮುಂದಿನ ಹಲ್ಲು ಬಿದ್ದವಳು, ಹಿಂದೆ ನಿಂತು ನೋಡುತ್ತಿದ್ದಳು.

"ಉಸ್ತಾದ್, ಅಕ್ಷರ ಮುತ್ತಿನ ಹಾಗಿದೆ" ಎಂದಳು.

"ದೇವರು ಒಳ್ಳೇದು ಮಾಡ್ಲಿ ಮಗಳೇ."

"ಆದ್ರೆ ನೀವು ಟೊಮ್ಯಾಟೊ ಅಂತ ಬರೆದಿರೋದು ಬದನೆ ಗಿಡ. ಅಲ್ಲಿ ಸೌತೆ ಅಂತ ಇದೆಯಲ್ಲಾ, ಅದು ಕಳೆ."

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಚೀಟಿ ಬದಲಾಯಿಸಿದೆ. ಆ ಕಳೆಯನ್ನು ಮಾತ್ರ ಕೀಳಲು ಹೋಗಲಿಲ್ಲ, ಅದಾಗಲೇ ದಾಸ್ತಾನು ಪುಸ್ತಕದಲ್ಲಿ ಸೌತೆಯೆಂದು ದಾಖಲಾಗಿತ್ತು.

ಮರುದಿನ ಟಬ್ಬುಗಳ ಮುಂದೆ ಇನ್ನೊಂದು ಫಲಕ ಬಂತು: ‘ಮುಟ್ಟಬೇಡಿ’. ನಿಯೋಗ ಬರುವವರೆಗೆ ಗಿಡಗಳು ಹಾಳಾಗಬಾರದಲ್ಲ. ತೋಟದ ಪಾಠವೆಂದರೆ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಟಬ್ಬುಗಳ ಸುತ್ತ ಸಾಲಾಗಿ ಮೂರು ಸುತ್ತು ಹಾಕುವುದು. ಆಮೇಲೆ ತರಗತಿಯಲ್ಲಿ ಕೂತು ‘ಗುದ್ದಲಿ ಹಿಡಿಯುವ ಐದು ಹಂತಗಳು’ ಎಂಬ ಉಕ್ತಲೇಖನ. ಅಡುಗೆಯ ಪಾಠದಲ್ಲಿ ಚಾಕುವಿಲ್ಲ, ಒಲೆಯಿಲ್ಲ. ರಟ್ಟಿನಿಂದ ಸೌತೆಕಾಯಿ ಕತ್ತರಿಸಲು ಕತ್ತರಿ ಬೇಕಿತ್ತು, ಅದೂ ಹರಿತವಾದದ್ದೇ ಎಂದು ಗೊತ್ತಾಗಿ, ಸೌತೆಕಾಯಿಯ ಚಿತ್ರ ಬರೆದು ಬಣ್ಣ ತುಂಬಿದರು.

ಎರಡನೆಯ ವಾರ ಗಣಿತದ ಮೇಷ್ಟ್ರು ತಮ್ಮ ಸಂಜೆಯ ಮನೆಪಾಠಕ್ಕೆ ತೋಟಗಾರಿಕೆಯನ್ನೂ ಸೇರಿಸಿದರು. ಹೊಲದಿಂದ ಮೈಯೆಲ್ಲ ಮಣ್ಣಾಗಿ ಬಂದ ಅಪ್ಪಂದಿರು ಮಕ್ಕಳಿಗೆ ಮುಖ ತೊಳೆಸಿ, ಗುದ್ದಲಿ ಹಿಡಿಯುವುದನ್ನು ಕಲಿಯಿರಿ ಎಂದು ಅಲ್ಲಿಗೆ ಕಳಿಸಿದರು. ಪರೀಕ್ಷೆಗೆ ಬರುತ್ತದೆ ಎಂದಮೇಲೆ ಯಾರು ತಾನೇ ಸುಮ್ಮನಿರುತ್ತಾರೆ?

ಒಂದು ಮಧ್ಯಾಹ್ನ ಅಬ್ಲಾ ನನ್ನ ಮೇಜಿನ ಮುಂದೆ ಬಂದು ಕೂತರು. ಕೂರುವಾಗ ಮಂಡಿ ಹಿಡಿದುಕೊಂಡು ಒಮ್ಮೆ ನರಳಿದರು.

"ಉಸ್ತಾದ್ ಫಿಕ್ರಿ, ಆಫೀಸಿನ ಗೋಡೆ ಮೇಲೆ ಶಾಲೆ ನಕ್ಷೆ ಇದೆಯಲ್ಲಾ, ಅದ್ರಲ್ಲಿ ನೀರಿನ ಟ್ಯಾಂಕಿ ಹಿಂದೆ ಏನಿದೆ?"

ಎದ್ದು ಹೋಗಿ ನೋಡಿ ಬಂದೆ. "ಏನೂ ಇಲ್ಲ ಅಬ್ಲಾ. ಟ್ಯಾಂಕಿ ಹತ್ರ ಗೆರೆ ನಿಂತುಬಿಟ್ಟಿದೆ. ಗೋಡೆವರೆಗೂ ಖಾಲಿ."

"ಹಾಗಾದ್ರೆ ಅದು ಶಾಲೆ ನೆಲ ಅಲ್ಲ."

"ಕಾಗದದ ಪ್ರಕಾರ ಅಲ್ಲ."

"ಶಾಲೆ ನೆಲ ಅಲ್ದಿದ್ರೆ ಅಗೀಬಹುದು. ನಿಮ್ಮ ಸುತ್ತೋಲೆಗೂ ಬೇಜಾರಾಗಲ್ಲ." ಎದ್ದು ನಿಂತರು. "ನಾಳೆಯಿಂದ ನಾಲ್ಕನೇ ಕ್ಲಾಸಿಗೆ ಕೊನೇ ಪಿರಿಯಡ್ ಹೊಲಿಗೆ. ಹಾಗಂತ ರಿಜಿಸ್ಟರಲ್ಲಿ ಬರ್ಕೊಳ್ಳಿ."

ಬರೆದುಕೊಂಡೆ. ಮುರಿದ ಬೆಂಚುಗಳ ರಾಶಿಯ ಹಿಂದೆ, ಟ್ಯಾಂಕಿ ದಿನವೂ ತುಂಬಿ ಹರಿದು ಒದ್ದೆಯಾಗಿರುತ್ತಿದ್ದ ಆ ಪಟ್ಟಿಯಲ್ಲಿ ಹೊಲಿಗೆ ಶುರುವಾಯಿತು. ರಿತಾಜ್ ತಾತನ ಮನೆಯಿಂದ ಎರಡು ಸಣ್ಣ ಗುದ್ದಲಿ ತಂದಳು. ಅಬ್ಲಾ ಹಳೆಯ ಪರದೆಗಳನ್ನು ಹರಿದು ಮಕ್ಕಳಿಗೆಲ್ಲ ಮೇಲಂಗಿ ಹೊಲಿದು ತಂದರು, ಅಷ್ಟರಮಟ್ಟಿಗೆ ರಿಜಿಸ್ಟರು ಸುಳ್ಳಾಗಲಿಲ್ಲ. ಮುಲುಖಿಯಾ ಬೀಜ ಚೆಲ್ಲಿದರು. ನಮ್ಮಲ್ಲಿ ಆ ಸೊಪ್ಪಿನ ಲೋಳೆಸಾರು ಉಣ್ಣದೆ ಬೆಳೆದ ಮಗುವಿಲ್ಲ. ಐದನೆಯ ದಿನಕ್ಕೆ ಮೊಳಕೆ ಬಂದಾಗ ಹುಡುಗರು ಕೂಗಬಾರದೆಂದು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡು ಕುಣಿದರಂತೆ. ನಾನು ನೋಡಲು ಹೋಗಲಿಲ್ಲ. ನೋಡಿದರೆ ವರದಿ ಬರೆಯಬೇಕಾಗುತ್ತದೆ.

ನಿಯೋಗದ ದಿನ ಗೊತ್ತಾಯಿತು. ಅದರ ಹಿಂದಿನ ದಿನ ವಗ್ದಿಯವರು ಟಬ್ಬುಗಳ ಮುಂದೆ ನಿಂತು ಬೆವರಿದರು. ಏಳು ವಾರ ಯಾರೂ ಮುಟ್ಟದ ಕಾರಣ ಯಾರೂ ನೀರನ್ನೂ ಸರಿಯಾಗಿ ಹಾಕಿರಲಿಲ್ಲ. ಗಿಡಗಳು ಜೀವ ಹಿಡಿದುಕೊಂಡಿದ್ದವು, ಅಷ್ಟೆ. ಹೂವಿಲ್ಲ, ಕಾಯಿಲ್ಲ. ಚೆನ್ನಾಗಿ ಬಂದದ್ದು ಆ ಕಳೆಯೊಂದೇ.

"ಮಾರ್ಕೆಟ್ಟಿಂದ ತರಿಸಿ" ಎಂದರು. ಜವಾನ ಶಹಾತಾ ಕಾಕಾ ಎರಡು ಚೀಲ ತಂದ. ಆಟದ ಮೇಷ್ಟ್ರು, ಮುಖ್ಯೋಪಾಧ್ಯಾಯರು ಮತ್ತು ನಾನು ಅಂಗಳದಲ್ಲಿ ಮಂಡಿಯೂರಿ ಕೂತು, ಹಸಿರು ದಾರದಿಂದ ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳನ್ನು ಗಿಡಗಳಿಗೆ ಕಟ್ಟಿದೆವು. ದಾರ ಕತ್ತರಿಸಿದವನು ನಾನೇ. ಗಂಟು ಕಾಣಬಾರದೆಂದು ಎಲೆಯ ಮರೆಗೆ ಸರಿಸುವ ಉಪಾಯ ಹೇಳಿದವನೂ ನಾನೇ. ಬದನೆಕಾಯಿಯ ಭಾರಕ್ಕೆ ಒಂದು ಗಿಡ ಅಡ್ಡಬಿದ್ದಾಗ ಶಹಾತಾ ಕಾಕಾ, "ಪಾಪ, ಹೆರಿಗೆ ಕಷ್ಟ ಆಯ್ತು ಅದಕ್ಕೆ" ಎಂದ.

ಅಡುಗೆಯ ಏರ್ಪಾಡೂ ಆಗಿತ್ತು. ಮದುವೆಮನೆಗಳಿಗೆ ಮಾಡುವ ಅಡುಗೆಯವನಿಂದ ಕೋಫ್ತಾ, ಅನ್ನ, ತುಂಬುಗಾಯಿ ಬರುವುದಿತ್ತು. ಬೆಳ್ಳಗಿದ್ದ, ಹಲ್ಲು ನೆಟ್ಟಗಿದ್ದ ಆರು ಮಕ್ಕಳನ್ನು ಆರಿಸಿ ಬಿಳಿ ಟೋಪಿ ಹಾಕಿಸಿ, "ನಾವೇ ಬೆಳೆದು ನಾವೇ ಮಾಡಿದ್ದು" ಎಂದು ಹೇಳಲು ತರಬೇತಿ ಕೊಟ್ಟಿದ್ದರು. ಉಳಿದವರು ಮೂವತ್ತೆರಡು ಮಂದಿ.

"ಇವ್ರನ್ನ ಹಿಂದುಗಡೆ ಎಲ್ಲಾದ್ರೂ ಇಟ್ಕೊಳ್ಳಿ ಅಬ್ಲಾ" ಎಂದರು ವಗ್ದಿಯವರು. "ನಿಯೋಗದವ್ರ ಕಣ್ಣಿಗೆ ಬೀಳಬಾರ್ದು."

ಅಬ್ಲಾ ರಿತಾಜಳ ಹಲ್ಲಿಲ್ಲದ ಬಾಯಿಯನ್ನೊಮ್ಮೆ ನೋಡಿದರು. "ಬೀಳಲ್ಲ ಸಾಹೇಬರೇ. ನೀವು ನಿಶ್ಚಿಂತೆಯಾಗಿರಿ" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ನಿಯೋಗ ಬಂತು. ಮುಖ್ಯಸ್ಥೆ ಡಾಕ್ಟರ್ ಇಗ್ಲಾಲ್, ನರೆತ ಕೂದಲಿನ ಉದ್ದನೆಯ ಹೆಂಗಸು. ಜೊತೆಗೆ ಇಬ್ಬರು ಇನ್‌ಸ್ಪೆಕ್ಟರುಗಳು, ಒಬ್ಬ ಫೋಟೋದವನು. ಟಬ್ಬುಗಳ ಸಾಲಿನ ಮುಂದೆ ನಡೆಯುತ್ತ ಅವರು ಒಂದು ಟೊಮ್ಯಾಟೊ ಹಿಡಿದು ಮೆಲ್ಲಗೆ ಎಳೆದರು. ಅದು ಬಂತು, ಹಿಂದೆಯೇ ಗೇಣುದ್ದ ಹಸಿರು ದಾರವೂ ಬಂತು.

ವಗ್ದಿಯವರ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಅದು... ಆಸರೆ ದಾರ, ಡಾಕ್ಟರ್. ಹೊಸ ವಿಧಾನ."

"ಹೂಂ" ಎಂದರು ಡಾಕ್ಟರ್. ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಈ ವಾರ ನಾನು ನೋಡ್ತಿರೋ ಒಂಬತ್ತನೇ ಶಾಲೆ ಇದು. ಎಲ್ಲಾ ಕಡೆ ಇದೇ ವಿಧಾನ. ಕೆಲವ್ರು ತಂತಿ ಬಳಸ್ತಾರೆ."

ಆಮೇಲೆ ವಗ್ದಿಯವರ ಭಾಷಣ. ಬರೆದುಕೊಟ್ಟವನು ನಾನು. ಸುರಕ್ಷತೆಯೇ ನಮ್ಮ ಉಸಿರು ಎಂಬಲ್ಲಿಗೆ ಅವರು ಬರುವುದಕ್ಕೂ ಕಟ್ಟಡದ ಹಿಂದಿನಿಂದ ಒಂದು ಶಬ್ದ ಏಳುವುದಕ್ಕೂ ಸರಿಹೋಯಿತು. ‘ಹ್ಹಾ...!’ ಎಂದು ದೊಡ್ಡದೊಂದು ಪ್ರಾಣಿ ಬೆಚ್ಚಿಬಿದ್ದು ಉಸಿರೆಳೆದುಕೊಂಡಂತೆ. ಪಾರಿವಾಳಗಳು ಛಾವಣಿಯಿಂದ ಹಾರಿದವು.

ಅದೇನೆಂದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಬೆಳ್ಳುಳ್ಳಿ, ಕೊತ್ತಂಬರಿ ಬೀಜ ತುಪ್ಪದಲ್ಲಿ ಕೆಂಪಗೆ ಹುರಿದು ಆ ಒಗ್ಗರಣೆಯನ್ನು ಮುಲುಖಿಯಾಕ್ಕೆ ಸುರಿಯುವ ಕ್ಷಣದಲ್ಲಿ ಅಡುಗೆ ಮಾಡುವವಳು ಗಾಬರಿಯಾದವಳಂತೆ ಉಸಿರನ್ನು ಒಳಗೆಳೆದುಕೊಳ್ಳಬೇಕು. ಇಲ್ಲದಿದ್ದರೆ ಸಾರಿಗೆ ರುಚಿ ಹತ್ತುವುದಿಲ್ಲ. ಮನೆಮನೆಯಲ್ಲೂ ಒಬ್ಬ ತಾಯಿ ಮಾಡುವುದನ್ನು ಇಲ್ಲಿ ಮೂವತ್ತೆರಡು ಮಕ್ಕಳು ಒಟ್ಟಿಗೆ ಮಾಡಿದ್ದರು.

"ಏನದು?" ಎಂದರು ಡಾಕ್ಟರ್ ಇಗ್ಲಾಲ್.

"ವ್ಯಾಯಾಮ ಡಾಕ್ಟರ್. ಉಸಿರಾಟದ ವ್ಯಾಯಾಮ" ಎಂದರು ವಗ್ದಿಯವರು.

ಅಷ್ಟರಲ್ಲಿ ವಾಸನೆ ಅಂಗಳಕ್ಕೆ ಬಂದು ಮುಟ್ಟಿತು.

"ವ್ಯಾಯಾಮಕ್ಕೆ ಬೆಳ್ಳುಳ್ಳಿ ಯಾಕೆ ಉಸ್ತಾದ್?" ಎಂದವರೇ ಮೂಗು ತೋರಿಸಿದ ದಾರಿ ಹಿಡಿದು ಹೊರಟರು. ನಿಯೋಗ ಅವರ ಹಿಂದೆ, ವಗ್ದಿಯವರು ನಿಯೋಗದ ಹಿಂದೆ, ನಾನು ವಗ್ದಿಯವರು ಬಿದ್ದರೆ ಹಿಡಿಯಲೆಂದು ಅವರ ಹಿಂದೆ.

ಮುರಿದ ಬೆಂಚುಗಳನ್ನು ದಾಟಿದರೆ ಸೊಂಟದೆತ್ತರ ಬೆಳೆದ ಮುಲುಖಿಯಾ. ಅರ್ಧ ಕೊಯ್ದಿತ್ತು, ಅರ್ಧ ಗಾಳಿಗೆ ತೂಗುತ್ತಿತ್ತು. ಒಂದು ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಎರಡು ಹಿಡಿಯ ಬಾಗಿದ ಕತ್ತಿಯನ್ನು ಆಚೀಚೆ ತೂಗುತ್ತ ಸೊಪ್ಪು ಹೆಚ್ಚುತ್ತಿದ್ದರು. ಇಟ್ಟಿಗೆ ಒಲೆಯ ಮೇಲೆ ದೊಡ್ಡ ಪಾತ್ರೆ. ಅಬ್ಲಾ ಸೌಟು ಹಿಡಿದು ಕೂತಿದ್ದರು. ಸುತ್ತ ಮೊಣಕೈವರೆಗೂ ಮಣ್ಣಾದ ಮಕ್ಕಳು. ಸುತ್ತೋಲೆಯ ನಾಲ್ಕು ನಿಷೇಧಗಳೂ ಒಂದೇ ಕಡೆ ಸೇರಿದ್ದವು.

"ಇದನ್ನ ಬೆಳೆದಿದ್ದು ಯಾರು?" ಎಂದು ಡಾಕ್ಟರ್ ಕೇಳಿದರು.

"ನಾವು" ಎಂದಳು ರಿತಾಜ್. "ನೀವು ಯಾರು?"

"ನಾನು ಇಗ್ಲಾಲ್."

"ನಾವು ನಿಮ್ಮ ಕಣ್ಣಿಗೆ ಬೀಳಬಾರ್ದಿತ್ತು. ಈಗ ನಮ್ಮ ಅಬ್ಲಾಗೆ ಬೈತಾರೆ. ಊಟ ಮಾಡ್ತೀರಾ?"

ಡಾಕ್ಟರ್ ಇಗ್ಲಾಲ್ ಮೂರು ಕಾಲಿನ ಬೆಂಚಿನ ಮೇಲೆ ಹುಷಾರಾಗಿ ಕೂತರು. ರೊಟ್ಟಿ ಮುರಿದು ಅದ್ದಿ ತಿಂದರು. ಇನ್ನೊಂದು ತುತ್ತು ತಿಂದರು. ಆಮೇಲೆ ಅಬ್ಲಾ ಕಡೆ ತಿರುಗಿ, "ನಮ್ಮಮ್ಮ ಉಸಿರೆಳೆದ್ರೆ ಪಕ್ಕದ್ಮನೆಯವ್ರು ಯಾರೋ ಸತ್ರು ಅಂತ ಓಡಿ ಬರೋರು" ಎಂದರು. ಅಬ್ಲಾ ನಕ್ಕು ಇನ್ನೊಂದು ಸೌಟು ಬಡಿಸಿದರು. ಇನ್‌ಸ್ಪೆಕ್ಟರುಗಳು ಸಾಲಿನಲ್ಲಿ ನಿಂತರು. ಅಂಗಳದಲ್ಲಿ ಕೋಫ್ತಾ ತಣ್ಣಗಾಯಿತು. ಬಿಳಿ ಟೋಪಿಯ ಆರು ಮಕ್ಕಳು ಸ್ವಲ್ಪ ಹೊತ್ತು ಕಾದು, ಟೋಪಿ ಬಿಸಾಕಿ ಇಲ್ಲಿಗೇ ಓಡಿಬಂದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರ್ ಇಗ್ಲಾಲ್ ಒಳ್ಳೆಯ ಮಾತನ್ನು ಬರೆದು ಕಳಿಸಿದರು, ಬರೆದದ್ದು ಇಲಾಖೆಗೆ ಹೋಯಿತು, ಇಲಾಖೆ ಎಚ್ಚೆತ್ತಿತು.

ಹತ್ತು ದಿನದಲ್ಲಿ ಮೂರು ಕಾಗದ ಬಂದವು. ಮಾದರಿ ತೋಟ ನಿರ್ಮಿಸಿದ್ದಕ್ಕೆ ವಗ್ದಿಯವರಿಗೆ ಪ್ರಶಸ್ತಿಪತ್ರ ಒಂದು. ಇನ್ಸಾಫ್ ಅಬ್ಲಾ ಅವರಿಗೆ ಒಂದೇ ದಿನ ಎರಡು ಪತ್ರ ಕೊಡಬೇಕೆಂಬ ಆದೇಶ ಇನ್ನೊಂದು. ಮಕ್ಕಳಿಗೆ ಅಡುಗೆ ಕಲಿಸಿದ್ದಕ್ಕೆ ಕೃತಜ್ಞತೆ, ಮಕ್ಕಳಿಂದ ಅಡುಗೆ ಮಾಡಿಸಿದ್ದಕ್ಕೆ ಎಚ್ಚರಿಕೆ. ಎರಡನ್ನೂ ನಾನೇ ಬರೆದೆ. ಅಬ್ಲಾ ಎರಡನ್ನೂ ಓದಿ, "ಅಕ್ಷರ ಮಾತ್ರ ಎರಡ್ರಲ್ಲೂ ಒಂದೇ ಸಮ ಚೆನ್ನಾಗಿದೆ" ಎಂದರು. ಬೈದಿದ್ದರೆ ವಾಸಿಯಿತ್ತು. ಮೂರನೆಯದು ಎಲ್ಲ ಶಾಲೆಗಳಿಗೂ ಹೊಸ ಸುತ್ತೋಲೆ: ‘ಒಗ್ಗರಣೆ ಸುರಿಯುವ ಸಂದರ್ಭದಲ್ಲಿ ವಿದ್ಯಾರ್ಥಿಗಳು ಮೂರು ಸೆಕೆಂಡು ಮೀರದಂತೆ ಏಕಕಾಲದಲ್ಲಿ ಉಸಿರನ್ನು ಒಳಗೆಳೆದುಕೊಳ್ಳತಕ್ಕದ್ದು.’ ಒಲೆ ಹೊತ್ತಿಸಲು ಅನುಮತಿ ಅದರಲ್ಲಿ ಇತ್ತು, ಶಿಕ್ಷಕರೊಬ್ಬರು ಲಿಖಿತ ಜವಾಬ್ದಾರಿ ಹೊತ್ತರೆ. ಯಾರೂ ಹಾಗೆ ಬರೆದುಕೊಡದ ಶಾಲೆಗಳು ಬರೀ ಉಸಿರೆಳೆಯುವುದನ್ನು ಅಭ್ಯಾಸ ಮಾಡಿದವೆಂದು ಆಮೇಲೆ ಕೇಳಿದೆ.

ಮಾದರಿ ತೋಟವಾದ ಮೇಲೆ ಅದಕ್ಕೆ ಬೇಲಿ ಬಂತು. ಬೇಲಿಗೆ ಗೇಟು, ಗೇಟಿಗೆ ಬೀಗ, ಬೀಗದ ಕೈ ವಗ್ದಿಯವರ ಜೇಬಿನಲ್ಲಿ. ಬೇರೆ ಊರಿನ ಮುಖ್ಯೋಪಾಧ್ಯಾಯರು ನೋಡಲು ಬರುತ್ತಾರೆ, ಮಕ್ಕಳು ತುಳಿದು ಹಾಳುಮಾಡಿದರೆ? ಕೊಯ್ದ ಬುಡಗಳು ಎರಡನೆಯ ಸಲ ಚಿಗುರಿ ಸೊಂಪಾಗಿ ಎದ್ದವು. ಮಕ್ಕಳು ಬೇಲಿಯ ಕಣ್ಣುಗಳಲ್ಲಿ ಬೆರಳು ತೂರಿಸಿ ನಿಂತು ನೋಡುತ್ತಿದ್ದರು.

ಅಬ್ಲಾ ಮತ್ತೆ ನನ್ನ ಮೇಜಿನ ಮುಂದೆ ಬಂದು ಕೂತರು. ಈ ಸಲ ನರಳಲಿಲ್ಲ.

"ಇನ್ನೊಂದು ವಾರ ಬಿಟ್ರೆ ಸೊಪ್ಪು ಬಲಿತು ದಂಟಾಗುತ್ತೆ. ಹೋಗಿ ಕೇಳಿದ್ರೆ ಸಾಹೇಬ್ರು ಅರ್ಜಿ ಕೊಡಿ ಅಂತಾರೆ. ಕೊಡೋಣ. ಎಷ್ಟು ಜನ ಮಕ್ಕಳಿದ್ದಾರೆ?"

"ಮೂವತ್ತೆಂಟು."

"ಒಬ್ಬೊಬ್ರಿಗೆ ಒಂದೊಂದು. ದಿನಾ."

ಅವರು ಹೇಳಿದ್ದು ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಬರೆಯಬೇಕೆಂದು ನನಗೇ ಆಸೆಯಾಯಿತು. ಮನೆಗೆ ಹೋಗಿ ಒಳ್ಳೆಯ ಲೇಖನಿ ತಂದೆ. ‘ಮಾನ್ಯರೇ, ನಾಲ್ಕನೆಯ ತರಗತಿಯ ವಿದ್ಯಾರ್ಥಿನಿ ರಿತಾಜ್ ಆದ ನಾನು, ನಾನೇ ಬೆಳೆದ ಗಿಡವನ್ನು ಮುಟ್ಟಲು ತಮ್ಮ ಅಪ್ಪಣೆಯನ್ನು ವಿನಯಪೂರ್ವಕವಾಗಿ ಬೇಡುತ್ತೇನೆ...’ ಮೂವತ್ತೆಂಟು ಅರ್ಜಿ ಬರೆದೆ. ಒಂದೊಂದಕ್ಕೂ ಆವಕ ಪುಸ್ತಕದಲ್ಲಿ ಸಂಖ್ಯೆ, ಜಾವಕದಲ್ಲಿ ಸಂಖ್ಯೆ, ಮೂರು ಕಡೆ ಸಹಿ, ಎರಡು ಮೊಹರು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಬರೆದ ಕಾರಣ ಇಲಾಖೆಗೆ ಹೋಗಬೇಕು. ಅದು ನಿಯಮ. ಇಲಾಖೆಗೆ ಕಾಗದ ಹೋಗುವುದೆಂದರೆ ವಗ್ದಿಯವರಿಗೆ ಜೀವ ಹೋಗುವುದು.

ಮೊದಲ ದಿನ ಅವರು ಎಲ್ಲದಕ್ಕೂ ಸಹಿ ಮಾಡಿದರು. ಮುಗಿಯುವ ಹೊತ್ತಿಗೆ ಪಿರಿಯಡ್ಡೇ ಮುಗಿದಿತ್ತು. ಎರಡನೆಯ ದಿನ ಮತ್ತೆ ಮೂವತ್ತೆಂಟು ಇಟ್ಟೆ.

"ನಿನ್ನೆ ಮಾಡಿದ್ನಲ್ಲಾ!"

"ಅದು ನಿನ್ನೆ ಅಪ್ಪಣೆ ಸಾಹೇಬರೇ."

ಮೂರನೆಯ ದಿನ ಅವರ ಮಣಿಕಟ್ಟಿಗೆ ಬ್ಯಾಂಡೇಜು ಬಂದಿತ್ತು. ಶಹಾತಾ ಕಾಕಾ ಮೊಹರು ಒತ್ತುತ್ತ, "ಶಾಯಿ ಮುಗೀತು ಸಾಹೇಬರೇ. ಹೊಸ ಶಾಯಿಗೂ ಒಂದು ಅರ್ಜಿ ಬೇಕು" ಎಂದ. ನಾಲ್ಕನೆಯ ದಿನ ನಾನು ಕಟ್ಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಾಗ ಅವರು ಕಾಗದಗಳನ್ನು ನೋಡಿದರು, ನನ್ನನ್ನು ನೋಡಿದರು.

"ನೀವೂ ಸೇರ್ಕೊಂಡ್ರಾ ಫಿಕ್ರಿ?"

"ಹೌದು ಸಾಹೇಬರೇ." ಕಟ್ಟನ್ನು ಅವರ ಮುಂದಿಟ್ಟೆ.

ಅವರು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಯಾರಾದ್ರೂ ಕೇಳಿದ್ರೆ, ಕಳೆದುಹೋಗಿತ್ತು ಅನ್ನಿ."

ವರ್ಷದ ಪರೀಕ್ಷೆಗೆ ನಾಲ್ಕು ದಿನವಿರುವಾಗ ಎರಡನೆಯ ಕೊಯ್ಲಾಯಿತು. ಒಲೆಗೆ ಲಿಖಿತ ಜವಾಬ್ದಾರಿ ನನ್ನದು, ನಾನೇ ಬರೆದು ನಾನೇ ಸಹಿ ಹಾಕಿದ್ದೆ. ಆ ದಿನ ಟ್ಯಾಂಕಿ ಹಿಂದೆ ನಾನೂ ಕೂತು ಎಲೆ ಬಿಡಿಸಿದೆ. ದಂಟನ್ನೂ ಎಲೆಯನ್ನೂ ಒಂದೇ ರಾಶಿಗೆ ಹಾಕಿದ್ದಕ್ಕೆ ಮಕ್ಕಳಿಂದ ಬೈಸಿಕೊಂಡೆ. ಒಗ್ಗರಣೆಯ ಹೊತ್ತಿಗೆ ಯಾರೂ ಸೆಕೆಂಡು ಎಣಿಸಲಿಲ್ಲ. ತಟ್ಟೆಗಳನ್ನು ಹರಡುತ್ತಿದ್ದಾಗ ಬೆಂಚುಗಳ ಹಿಂದೆ ವಗ್ದಿಯವರ ಬೋಳುತಲೆ ಕಾಣಿಸಿತು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ರೊಟ್ಟಿ. ಅವರು ಒಂದು ಹೆಜ್ಜೆ ಮುಂದಿಟ್ಟು, ಗಂಟಲು ಸರಿಮಾಡಿಕೊಂಡರು.

"ನನಗೂ... ಸ್ವಲ್ಪ ಸಿಗುತ್ತಾ?"

ರಿತಾಜ್ ಅಬ್ಲಾ ಮುಖ ನೋಡಿದಳು. ಅಬ್ಲಾ ಪಾತ್ರೆಯ ಮುಖ ನೋಡಿದರು.

"ಸಿಗುತ್ತೆ ಉಸ್ತಾದ್" ಎಂದಳು ರಿತಾಜ್. "ಮೊದ್ಲು ಕೈ ತೊಳ್ಕೊಂಡು ಬನ್ನಿ. ಸೋಪು ಅಲ್ಲಿದೆ."

ಅವರು ರೊಟ್ಟಿಯನ್ನು ಅವಳ ಕೈಗೆ ಕೊಟ್ಟು, ಬ್ಯಾಂಡೇಜು ಬಿಚ್ಚಿ, ಟ್ಯಾಂಕಿಯ ನಲ್ಲಿಯ ಕಡೆ ನಡೆದರು.